ಕೆಂಪು ಕಾಗದದ ಪಟ್ಟಿ

ಒದ್ದೆ ಕಾಗದ ಸುಡುವ ವಾಸನೆ ಬಾಗಿಲಲ್ಲೇ ಎದುರಾಯಿತು. ತನಿಖಾಧಿಕಾರಿ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು.

ಅವಳ ತಾಯಿ ಇಸ್ತ್ರಿ ಮಾಡಿ ಮಕ್ಕಳನ್ನು ಓದಿಸಿದವಳು. ಕೆಂಡ ತುಂಬಿದ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಡುವ ಮೊದಲು, ನೀರಿನಲ್ಲಿ ಅದ್ದಿ ಮಡಿಸಿದ ಹಳೆಯ ಪತ್ರಿಕೆಯ ಮೇಲೆ ಒತ್ತಿ ನೋಡುತ್ತಿದ್ದಳು. ಚುರ್ರೆಂದು ಸದ್ದು, ಹಿಂದೆಯೇ ಈ ವಾಸನೆ. "ಬಟ್ಟೆ ಊರವರದು ಮಗಾ. ಮೊದಲು ನಮ್ಮ ಕಾಗದ ಸುಡಲಿ" ಎನ್ನುತ್ತಿದ್ದಳು. ಮಗಳ ಸಮವಸ್ತ್ರ ಇವತ್ತಿಗೂ ಗರಿ ಮುರಿಯುವುದಿಲ್ಲ. ಠಾಣೆಯಲ್ಲಿ ಅವಳ ಬೆನ್ನ ಹಿಂದಿನ ಹೆಸರು ಇಸ್ತ್ರಿಯಮ್ಮ.

ಇಲ್ಲಿ ಕಾಗದ ಸುಡುತ್ತಿದ್ದದ್ದು ಒಬ್ಬ ಹೆಂಗಸಿನ ಬರಿ ಅಂಗೈಯಲ್ಲಿ. ಊದುಕೊಳವೆಯ ತುದಿಯಲ್ಲಿ ಕೆಂಪಗೆ ತೊನೆಯುತ್ತಿದ್ದ ಗಾಜಿನ ಉಂಡೆಗೆ ಎಂಟು ಮಡಿಕೆಯ ಒದ್ದೆ ಪತ್ರಿಕೆ ಒತ್ತಿ, ಅದನ್ನು ದುಂಡಗೆ ತಿರುಗಿಸುತ್ತಾ, ಅವಳು ಜೋರಾಗಿ ಎಣಿಸುತ್ತಿದ್ದಳು. "ಹದಿನೇಳು, ಹದಿನೆಂಟು, ಹತ್ತೊಂಬತ್ತು..." ಗಾಜು ಊದುವ ಮೇಸ್ತ್ರಿಯ ಅಕ್ಕನ ಮಗಳು. ನಲವತ್ತು ದಾಟಿದವಳು. ಈ ಗಾಜಿನ ಕಾರ್ಖಾನೆಯಲ್ಲಿ ಮೇಸ್ತ್ರಿಯ ಎರಡನೆಯ ಕೈ. ಎಲ್ಲರೂ ಅವಳನ್ನು ಕರೆಯುವುದು ಎಣಿಕೆ ಎಂದು.

ಮಾಲೀಕ ಸತ್ತು ಆರನೆಯ ದಿನ. ಕುಲುಮೆಯನ್ನು ಮಾತ್ರ ಯಾರೂ ಆರಿಸಿರಲಿಲ್ಲ. ಒಳಗಿನ ಗಾಜು ಹೆಪ್ಪುಗಟ್ಟಿದರೆ ಕುಲುಮೆಯೇ ಸೀಳಿಹೋಗುತ್ತದೆ. ಅದಕ್ಕೇ ಉಳಿದವರು ಕೆಲಸಕ್ಕೆ ಬಂದು, ಬೇಡದ ಲೋಟಗಳನ್ನು ಮಾಡಿ, ಮತ್ತೆ ಕುಲುಮೆಗೇ ಎಸೆಯುತ್ತಿದ್ದರು.

ಸತ್ತ ಮಾಲೀಕರು ವಿನ್ಯಾಸಗಾರರೂ ಹೌದು. ಇಲ್ಲಿಯವರ ಬಾಯಲ್ಲಿ ನಕ್ಷೆಯವರು. ಅವರು ಗೆರೆ ಎಳೆಯುತ್ತಿದ್ದರು, ಮೇಸ್ತ್ರಿ ಉಸಿರು ಹಾಕುತ್ತಿದ್ದ. ಹನ್ನೊಂದು ವರ್ಷ ಹೀಗೆ ನಡೆದಿತ್ತು. ಗೂಡಿನಲ್ಲಿ ಮೂರು ದಿನ ನಿಧಾನವಾಗಿ ತಣಿದ ಹೂದಾನಿಯನ್ನು ನಕ್ಷೆಯವರು ಎಂದಿನಂತೆ ತೊಡೆಯ ಮೇಲೆ ಮಗುಚಿ ಹಾಕಿಕೊಂಡು, ವಜ್ರದ ಮೊನೆಯ ಲೇಖನಿಯಿಂದ ಅದರ ತಳದಲ್ಲಿ ತಮ್ಮ ಹೆಸರು ಕೊರೆಯಲು ಕೂತಿದ್ದರು. ಎರಡನೆಯ ಅಕ್ಷರಕ್ಕೆ ಹೂದಾನಿ ಸಿಡಿಯಿತು. ಹೋಳು ಕುತ್ತಿಗೆಗೆ ಹೊಕ್ಕಿತು. ವೈದ್ಯರು ಬರುವಷ್ಟರಲ್ಲಿ ಹೇಳಲು ಏನೂ ಉಳಿದಿರಲಿಲ್ಲ.

ಪ್ರಯೋಗಾಲಯದವರು ಕಾರಣ ಬರೆದು ಕಳಿಸಿದ್ದರು. ಹೂದಾನಿಯ ಒಳಮೈಗೆ ಹಾಕಿದ್ದ ನೀಲಿ ಗಾಜು, ಹೊರಗಿನ ಗಾಜಿನ ಜೊತೆ ಹೊಂದುವ ಜಾತಿಯದಲ್ಲ. ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಹೊರಗೆ ನಗುತ್ತಾ ಒಳಗೆ ಎಳೆದಾಡುವ ಸಂಸಾರದ ಹಾಗೆ. ಒಂದು ಗೀರು ಸಾಕು.

ಇಂಥ ಕೆಡುಕು ನೀಲಿ ಕಾರ್ಖಾನೆಯಲ್ಲಿ ಇತ್ತು. ಗಾಜು ಉಜ್ಜುವ ಕೋಣೆಯವರು ಚಿಕ್ಕ ಮಣಿ ಕೊರೆಯಲು ತರಿಸಿದ್ದು. ಯಾರೂ ತಪ್ಪಬಾರದೆಂದು ಆ ಬಣ್ಣದ ಗಾಜಿನ ಕಡ್ಡಿಗಳಿಗೆ ಕೆಂಪು ಕಾಗದದ ಪಟ್ಟಿ ಸುತ್ತಿತ್ತು. ಒಳ್ಳೆಯ ನೀಲಿಗೆ ಬಿಳಿ ಪಟ್ಟಿ. ಪಟ್ಟಿ ಬಿಚ್ಚಿದ ಮೇಲೆ ಎರಡೂ ಕಡ್ಡಿ ಕಪ್ಪು ಸೀಸದ ಹಾಗೆ ಒಂದೇ. ಮೇಸ್ತ್ರಿಯ ಬೆಂಚಿನ ಕೆಳಗಿನ ಬುಟ್ಟಿಯಲ್ಲಿ ಹರಿದ ಕೆಂಪು ಪಟ್ಟಿಯೊಂದು ಸಿಕ್ಕಿತ್ತು. ಅದರ ಮೇಲೆ, ಉಪಕರಣಗಳಿಗೆ ಸವರುವ ಜೇನುಮೇಣದಲ್ಲಿ ಒತ್ತಿದ ಹೆಬ್ಬೆರಳ ಗುರುತು. ಮೇಸ್ತ್ರಿಯದೇ.

ಮೇಸ್ತ್ರಿ ಒಪ್ಪಿಕೊಂಡೂ ಆಗಿತ್ತು. "ನಾನೇ ಹಾಕಿದೆ. ನೋಡೇ ಹಾಕಿದೆ."

ಬೇರೆ ಯಾವ ಅಧಿಕಾರಿಯಾದರೂ ಅಲ್ಲಿಗೇ ಕಡತ ಕಟ್ಟಿಬಿಡುತ್ತಿದ್ದರು.

"ಅಮ್ಮಾ, ಕರ್ಕೊಂಡ್ ಬಂದೆ" ಎಂದ ಬರಹದ ಪೇದೆ, ಹಿಂದಿನಿಂದ. ಅವನ ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಮೇಸ್ತ್ರಿಯ ತೋಳು. "ಜೀಪಿನಿಂದ ಇಳಿಯೋವಾಗ ತಲೆ ಬಡಿಸ್ಕೊಂಡ್ರು. ಠಾಣೆ ಬಾಗಿಲಿಗೆ ಎರಡು ಸಲ ಆಗಿದೆ. ಇವರು ಶಿಕ್ಷೆಗೆ ಮುಂಚೆ ಬದುಕಿದ್ರೆ ಸಾಕು."

"ಕೋಳ ಬಿಚ್ಚಿ."

"ಅಮ್ಮಾ, ನಿಯಮ..."

"ಬಿಚ್ಚಿ. ಬೀಳ್ತಾರೆ."

ಮೇಸ್ತ್ರಿ ಬೀಳಲಿಲ್ಲ. ಕೋಳ ಬಿಚ್ಚಿದ ಕೂಡಲೇ, ಅರವತ್ತೆರಡರ ಆ ಗಟ್ಟಿ ಆಳು ಮೂರು ಮೆಟ್ಟಿಲನ್ನು ಸಲೀಸಾಗಿ ಇಳಿದ. ಬಿಸಿ ಕೊಳವೆಗಳ ಸ್ಟ್ಯಾಂಡನ್ನು ಬಳಸಿದ, ನೀರಿನ ಬಕೆಟ್ಟನ್ನು ದಾಟಿದ, ಎರಡು ಕಬ್ಬಿಣದ ಕೈಗಳ ತನ್ನ ಬೆಂಚಿಗೆ ಹೋಗಿ ಮನೆಗೆ ಬಂದವನಂತೆ ಕೂತ. ಬರಿಗಾಲು ನೆಲಕ್ಕೆ ತಾಗಿದಾಗ ಅವನ ಮುಖ ಸಡಿಲವಾದದ್ದನ್ನು ತನಿಖಾಧಿಕಾರಿ ಕಂಡಳು.

"ಬಂದ್ರು ಮೇಸ್ತ್ರಿಗಳು" ಎಂದ ಕುಲುಮೆ ಕಾಯುವವನು. ದೊಡ್ಡ ಹೊಟ್ಟೆಯ, ಬಾಯಿ ನಿಲ್ಲದ ಮನುಷ್ಯ. "ಹಾರ ತರೋದು ಮರೆತ್ವಿ."

"ನಿನ್ನ ಕುಲುಮೆ ಮೊದಲು ನೋಡ್ಕೋ" ಎಂದ ಮೇಸ್ತ್ರಿ. "ಉರಿ ಗೊರಕೆ ಹೊಡೀತಿದೆ. ಗಾಳಿ ಜಾಸ್ತಿ ಬಿಟ್ಟಿದ್ದೀಯ."

ಕುಲುಮೆಯವನು ಗೊಣಗುತ್ತಾ ತಿರುಪು ತಿರುಗಿಸಿದ. ಮಾತು ನಿಜವಾಗಿತ್ತು.

ಎಣಿಕೆ ಕೊಳವೆಯನ್ನು ಕೆಳಗಿಟ್ಟು ಒಂದು ಲೋಟ ನೀರು ತಂದಳು. ಮಾತಿಲ್ಲ. ಲೋಟದ ಅಂಚನ್ನು ಮೇಸ್ತ್ರಿಯ ಎಡ ಮಣಿಕಟ್ಟಿನ ಹಿಂಭಾಗಕ್ಕೆ ಮೆಲ್ಲಗೆ ತಾಗಿಸಿ ನಿಂತಳು. ಮೇಸ್ತ್ರಿ ಅಂಗೈ ಮೇಲೆ ಮಾಡಿದ. ಅವಳು ಲೋಟವನ್ನು ಅದರಲ್ಲಿ ಕೂರಿಸಿದಳು.

"ಅದ್ಯಾಕೆ ಹಾಗೆ ತಾಗಿಸಿದ್ದು?" ತನಿಖಾಧಿಕಾರಿ ಕೇಳಿದಳು.

"ಯಾವುದು?" ಎಣಿಕೆಯ ಕಣ್ಣು ಒಮ್ಮೆ ಮಿಟುಕಿತು. "ಓ ಅದಾ. ಬಿಸಿ ಸಾಮಾನು ಜಾಸ್ತಿ ಅಲ್ವಾ ಅಮ್ಮ ಇಲ್ಲಿ. ಕೊಡೋ ಮುಂಚೆ ತಾಗಿಸ್ಬೇಕು. ಅಭ್ಯಾಸ."

"ನಮಗ್ಯಾರೂ ತಾಗಿಸಲ್ಲಪ್ಪ" ಎಂದ ಕುಲುಮೆಯವನು. "ನಮಗೆ ಸೀದಾ ಎಸೀತಾರೆ. ಮಾವನಿಗೆ ಮಾತ್ರ ಆರತಿ."

ಬರಹದ ಪೇದೆಗೆ ನಗು ಬಂತು. ಬುಟ್ಟಿಯಲ್ಲಿ ಸಿಕ್ಕಿದ್ದ ಪಟ್ಟಿಯ ಲಕೋಟೆಯನ್ನು ಸಹಿಗಾಗಿ ಮೇಸ್ತ್ರಿಯ ಮುಂದೆ ಹಿಡಿದ. ಮೇಸ್ತ್ರಿ ಬೆಚ್ಚಿದ.

"ಯಾರು?"

"ಯಾರು ಅಂದ್ರೆ? ನಾನೇ! ಆರು ದಿನದಿಂದ ನಿಮಗೆ ಊಟ ಹಾಕ್ತಿರೋನು!"

"ಯೋಚನೆ ಎಲ್ಲೋ ಇತ್ತು" ಎಂದ ಮೇಸ್ತ್ರಿ.

ತನಿಖಾಧಿಕಾರಿ ಗೋಡೆಯ ಕಡೆ ನಡೆದಳು. ಅಲ್ಲಿ ಹನ್ನೊಂದು ವರ್ಷದ ನಕ್ಷೆಗಳು ತೂಗುತ್ತಿದ್ದವು. ಆಳೆತ್ತರದ ಕಾಗದಗಳು, ಒಂದೊಂದರಲ್ಲೂ ಒಂದು ಪಾತ್ರೆಯ ನಿಜ ಅಳತೆಯ ಅಂದ. ಅವಳಿಗೆ ಚಿತ್ರಕಲೆ ಗೊತ್ತಿಲ್ಲ. ಆದರೂ ಆ ಗೆರೆಗಳ ಮುಂದೆ ಉಸಿರು ನಿಲ್ಲುತ್ತಿತ್ತು. ಕುತ್ತಿಗೆಯಿಂದ ಹೆಗಲಿಗೆ, ಹೆಗಲಿಂದ ಹೊಟ್ಟೆಗೆ ಇಳಿಯುವಾಗ ಎಲ್ಲೂ ಕೈ ನಡುಗಿರಲಿಲ್ಲ. ಸತ್ತವನು ಕೆಟ್ಟವನಿರಬಹುದು. ಅವನ ಗೆರೆ ಕೆಟ್ಟದ್ದಲ್ಲ.

ಮೊದಲ ಏಳು ವರ್ಷದ ನಕ್ಷೆಗಳು ಬರಿ ಕಾಗದ. ಆಮೇಲಿನ ನಾಲ್ಕು ವರ್ಷದವು ಬೇರೆ. ಅವುಗಳ ಗೆರೆಗಳ ಮೇಲೆಲ್ಲ ಸಣ್ಣ ಹುರಿ ಅಂಟಿಸಿತ್ತು. ಗೆರೆ ಹೋದ ಕಡೆಯೆಲ್ಲ ಹುರಿ ಹೋಗಿತ್ತು.

"ಇದು ಯಾರ ಕೆಲಸ?"

"ನಂದೇ" ಎಂದಳು ಎಣಿಕೆ. "ಸೀಮೆಸುಣ್ಣ, ಪೆನ್ಸಿಲ್ಲು ಎಲ್ಲ ಒರೆಸಿಹೋಗತ್ತೆ. ಹುರಿ ಹೋಗಲ್ಲ. ನಕ್ಷೆಯವರಿಗೆ ತುಂಬ ಇಷ್ಟ ಆಗಿತ್ತು. ನನ್ನ ಗೆರೆಗೆ ಮರ್ಯಾದೆ ಕೊಟ್ಟೋಳು ನೀನೊಬ್ಳೇ ಅಂದಿದ್ರು."

"ಮರ್ಯಾದೆ!" ಕುಲುಮೆಯವನು ಕೈಯಲ್ಲಿದ್ದ ಸಲಿಕೆ ಗೋಡೆಗೆ ಒರಗಿಸಿದ. "ಮೇಡಂ, ಆ ಗೆರೆಯಿಂದ ಉಗುರಷ್ಟು ಆಚೆ ಹೋದ್ರೆ ಏನು ಮಾಡ್ತಿದ್ರು ಕೇಳಿ. ಪೊರಕೆ ತಗೊಂಡು, ಕಸ ಗುಡಿಸೋ ಪೊರಕೆ, ಅದರ ಹಿಡಿಯಿಂದ ಒಂದು ಏಟು. ನಾಲ್ಕು ಜನರ ಒಂದು ದಿನದ ಕೆಲಸ ಪುಡಿಪುಡಿ. ಆಮೇಲೆ ಮೇಸ್ತ್ರಿ ಕೈಗೆ ಪೊರಕೆ ಕೊಟ್ಟು, ಗುಡಿಸು ಅನ್ನೋರು. ಇವರು ಗುಡಿಸ್ತಿದ್ರು."

"ಆಚೆ ಹೋಗಿತ್ತು, ಹೊಡೆದ್ರು" ಎಂದ ಮೇಸ್ತ್ರಿ. "ತಪ್ಪೇನು?"

"ನೋಡಿ! ಕೊಂದೋರೇ ವಕಾಲತ್ತು ಮಾಡ್ತಾರೆ."

ಮೇಸ್ತ್ರಿ ಬೆಂಚಿನ ಕಬ್ಬಿಣವನ್ನು ಅಂಗೈಯಲ್ಲಿ ಸವರಿದ. "ಅವನ ಗೆರೆ ಇಲ್ಲದಿದ್ರೆ ನನ್ನ ಉಸಿರು ಬರೀ ಗುಳ್ಳೆ ಕಣಯ್ಯ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಉಸಿರಿಲ್ಲದಿದ್ರೆ ಅವನ ಗೆರೆ ಬರೀ ಕಾಗದ. ಅದು ನನಗೆ ಮಾತ್ರ ಗೊತ್ತಿತ್ತು."

ಪೇದೆ ಅದನ್ನು ಬರೆದುಕೊಂಡ. ಕೊಲೆಗೆ ಕಾರಣ ಎಂಬ ತಲೆಬರಹದ ಕೆಳಗೆ.

ತನಿಖಾಧಿಕಾರಿ ಎಣಿಕೆಯನ್ನು ಪಕ್ಕಕ್ಕೆ ಕರೆದಳು. "ಆ ಹೂದಾನಿಗೆ ಬಣ್ಣ ಹಾಕೋವಾಗ ನೀನೆಲ್ಲಿದ್ದೆ?"

"ಮೇಲೆ ಹೋಗಿದ್ದೆ ಅಮ್ಮ. ಗಂಟೆ ಆಯ್ತು."

"ಯಾವ ಗಂಟೆ?"

ಎಣಿಕೆ ಚಾವಣಿಯ ಕಡೆ ಬೆರಳು ತೋರಿಸಿದಳು. ಮೂಲೆಯಲ್ಲಿ ಒಂದು ಹಿತ್ತಾಳೆ ಗಂಟೆ, ಅದರ ತಂತಿ ಮೇಲಿನ ಕಚೇರಿಗೆ ಹೋಗಿತ್ತು. ಒಂದು ಸಲ ಬಾರಿಸಿದರೆ ಕುಲುಮೆಯವನು, ಎರಡಕ್ಕೆ ಮೇಸ್ತ್ರಿ, ಮೂರಕ್ಕೆ ಎಣಿಕೆ. "ಮೂರು ಸಲ ಆಯ್ತು. ಓಡಿದೆ. ಕೋಣೇಲಿ ಯಾರೂ ಇರಲಿಲ್ಲ. ಐದು ನಿಮಿಷ ಕಾದು ಬಂದೆ. ಅಷ್ಟರಲ್ಲಿ ಮಾವ ಕಡ್ಡಿ ಪಟ್ಟಿ ಬಿಚ್ಚಿ, ಬಿಸಿ ಗಾಜಿಗೆ ಬಣ್ಣ ಎತ್ತಿ ಆಗಿತ್ತು."

"ಬಣ್ಣ ಯಾವಾಗಲೂ ಮೇಸ್ತ್ರಿನೇ ಎತ್ತೋದಾ?"

"ಬಣ್ಣಕ್ಕೆ ಮೇಸ್ತ್ರಿ ಕೈ ಅಂತಲೇ ನಮ್ಮಲ್ಲಿ ಮಾತು. ಇನ್ಯಾರೂ ಮುಟ್ಟಂಗಿಲ್ಲ. ನಾನು ಪಕ್ಕದಲ್ಲಿ ನಿಂತಿರ್ತೀನಿ ಅಷ್ಟೇ."

ಪಕ್ಕದಲ್ಲಿ ನಿಂತಿರುತ್ತೀನಿ. ತನಿಖಾಧಿಕಾರಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ತಿರುಗಿಸಿದಳು.

ಬೆಳಿಗ್ಗೆಯಷ್ಟೇ ಅವಳು ಆ ಮೇಲಿನ ಕೋಣೆಯಲ್ಲಿ ಕೂತು ಬಂದಿದ್ದಳು. ಸತ್ತವರ ಹೆಂಡತಿ, ನಕ್ಷೆಯಮ್ಮ, ಗಂಡನ ಕಾಗದಗಳನ್ನು ಅಂಚಿಗೆ ಅಂಚು ಹೊಂದಿಸುತ್ತಾ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಿದ್ದಳು. ಗಂಟೆ ತಾನು ಬಾರಿಸಿಲ್ಲ. ಆ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದಳಂತೆ. "ನಾನು ಕೆಳಗೆ ಹೋಗೋಳಲ್ಲ. ಹನ್ನೊಂದು ವರ್ಷದಲ್ಲಿ ಎರಡೋ ಮೂರೋ ಸಲ. ಆ ಬಿಸಿ ನನಗಾಗಲ್ಲ. ಮೇಸ್ತ್ರಿ ಮುಖವನ್ನೇ ನಾನು ಸರಿಯಾಗಿ ನೋಡಿಲ್ಲ" ಎಂದಿದ್ದಳು. ಅವಳ ಎಡಗೈಯ ಎರಡು ಬೆರಳು ಸೇರಿಸಿ ಪಟ್ಟಿ ಕಟ್ಟಿತ್ತು. ಪೆಟ್ಟಿಗೆ ಬಿತ್ತಂತೆ. ಪಟ್ಟಿಯ ಅಂಚು ಕೊಳೆಯಾಗಿತ್ತು. ಆರು ದಿನಕ್ಕೂ ಹಳೆಯದು, ಗಂಡ ಬದುಕಿದ್ದಾಗಿನದು.

ಮಾತಿನ ನಡುವೆ ಅವಳೆದ್ದು, ಯಾರೂ ಕೇಳದೆ, ಒಂದು ದಿಂಬು ತಂದು ಪೇದೆಯ ಬೆನ್ನಿಗೆ ಇಟ್ಟಿದ್ದಳು. ಅವನ ಸೊಂಟನೋವನ್ನು ಠಾಣೆಯಲ್ಲಿ ಆರು ತಿಂಗಳಿಂದ ಯಾರೂ ಗಮನಿಸಿರಲಿಲ್ಲ.

"ಒಳ್ಳೇ ಹೆಂಗಸು ಅಮ್ಮ" ಎಂದಿದ್ದ ಪೇದೆ ಮೆಟ್ಟಿಲಿಳಿಯುತ್ತಾ. "ಆ ಗಂಡನಿಗೆ ಹೇಳಿ ಮಾಡಿಸಿದೋಳಲ್ಲ."

ಈಗ ಮಾಡಬೇಕಾದದ್ದು ಒಂದೇ ಉಳಿದಿತ್ತು. ಅದಕ್ಕೆ ಸಾಕ್ಷಿಗಳು ಬೇಕು ಎಂದು ಕಾನೂನು ಹೇಳುತ್ತದೆ. ಯಾರೂ ಇಲ್ಲದಾಗ, ಬಾಗಿಲು ಹಾಕಿ, ಮೆಲ್ಲಗೆ ಮಾಡಬಹುದಿತ್ತು. ಹಾಗೆ ಮಾಡಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

"ಉಜ್ಜುವ ಕೋಣೆಯವರನ್ನ ಕರೀರಿ" ಎಂದಳು.

ಉಜ್ಜುವವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು, ಕುಲುಮೆಯವನು, ಎಣಿಕೆ, ಪೇದೆ. ನಾಲ್ವರೂ ಬೆಂಚಿನ ಸುತ್ತ ನಿಂತರು.

ತನಿಖಾಧಿಕಾರಿ ತನ್ನ ಜೇಬಿನಿಂದ ಎರಡು ಕಾಗದದ ಪಟ್ಟಿ ತೆಗೆದಳು. ಬೆಳಿಗ್ಗೆ ಬಣ್ಣದ ಕಪಾಟಿನಿಂದ ತಾನೇ ಬಿಚ್ಚಿಕೊಂಡು ಬಂದವು. ಎರಡನ್ನೂ ಬೆಂಚಿನ ಹಲಗೆಯ ಮೇಲೆ, ಮೇಸ್ತ್ರಿಯ ಮೊಣಕಾಲಿನ ಮುಂದೆ ಇಟ್ಟಳು. ನೋಡಿದವರ ಮುಖಗಳನ್ನು ಒಮ್ಮೆ ನೋಡಿದಳು. ತುಟಿಯ ಮೇಲೆ ಬೆರಳಿಟ್ಟಳು.

ಎಣಿಕೆಯ ಕೈ ತಾನಾಗಿ ಮುಂದೆ ಬಂತು. ತನಿಖಾಧಿಕಾರಿ ಅದನ್ನು ಹಿಡಿದು ನಿಲ್ಲಿಸಿದಳು.

"ಮೇಸ್ತ್ರಿ, ನೀವು ನೋಡೇ ಹಾಕಿದೆ ಅಂದ್ರಿ."

"ಅಂದೆ."

"ಕೆಂಪು ಪಟ್ಟಿ ಅಂತ ಗೊತ್ತಿದ್ದೇ ಬಿಚ್ಚಿದ್ರಿ."

"ನಲವತ್ತು ವರ್ಷ ಈ ಕೆಲಸ ಮಾಡಿದೀನಿ. ಕೆಂಪು ಯಾವುದು ಬಿಳಿ ಯಾವುದು ಗೊತ್ತಾಗಲ್ವಾ?"

"ನಿಮ್ಮ ಮುಂದೆ ಎರಡು ಪಟ್ಟಿ ಇಟ್ಟಿದೀನಿ. ಕೆಂಪು ಯಾವುದೋ ಅದನ್ನ ಎತ್ತಿ ನನ್ನ ಕೈಗೆ ಕೊಡಿ. ಸಾಕ್ಷಿಗಳ ಮುಂದೆ. ಬರ್ಕೊಂಡು ಮುಗಿಸ್ತೀವಿ."

ಮೇಸ್ತ್ರಿಯ ಕೈ ಹಲಗೆಯ ಮೇಲಿಳಿಯಿತು. ಸುಟ್ಟು ಮರಗಟ್ಟಿದ ಬೆರಳುಗಳು ಮೊದಲ ಪಟ್ಟಿಯನ್ನು ಸವರಿದವು. ಆಮೇಲೆ ಎರಡನೆಯದನ್ನು. ಅವನು ತಲೆ ಬಗ್ಗಿಸಿರಲಿಲ್ಲ. ಕಣ್ಣು ನೇರ ಮುಂದೆ, ಕುಲುಮೆಯ ಬಾಯಿಯ ಕಡೆ ಇತ್ತು. ಒಂದು ಕ್ಷಣ ಹಿಂಜರಿದು, ಬಲಗಡೆಯದನ್ನು ಎತ್ತಿ, ಧೈರ್ಯವಾಗಿ ಗಾಳಿಯಲ್ಲಿ ಚಾಚಿದ.

"ತಗೊಳ್ಳಿ. ಇದೇ. ಇಂಥದ್ದನ್ನೇ ಬಿಚ್ಚಿದ್ದು. ರಕ್ತದ ಹಾಗಿದೆ ನೋಡಿ."

ಕುಲುಮೆ ಗುಂಯ್ ಎನ್ನುತ್ತಿತ್ತು.

ಉಜ್ಜುವವಳು ಬಾಯಿಗೆ ಸೆರಗು ಒತ್ತಿಕೊಂಡಳು. ಎಣಿಕೆಯ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು, ನೀರಿಗೆ ಬಿದ್ದ ಬಿಸಿ ಗಾಜಿನಂತೆ.

ಮೇಸ್ತ್ರಿಯ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. "ಏನಾಯ್ತು?" ಎಂದ. "ಏನಾಯ್ತು ಹೇಳ್ರೋ."

"ಎರಡೂ ಬಿಳಿ, ಮೇಸ್ತ್ರಿ" ಎಂದಳು ತನಿಖಾಧಿಕಾರಿ.

ಅಮ್ಮ ಮೊದಲು ತನ್ನ ಕಾಗದ ಸುಡುತ್ತಿದ್ದಳು. ಮಗಳು ನಾಲ್ಕು ಜನರ ಮುಂದೆ ಸೀದಾ ಬಟ್ಟೆಯ ಮೇಲೇ ಪೆಟ್ಟಿಗೆ ಇಟ್ಟಿದ್ದಳು.

ಕುಲುಮೆಯವನು ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖದಲ್ಲಿ ನಗೆಯ ಸುಳಿವಿರಲಿಲ್ಲ. "ಎಷ್ಟು ದಿನದಿಂದ?"

ಮೇಸ್ತ್ರಿ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದ.

"ಎಷ್ಟು ದಿನದಿಂದ ಕೇಳ್ತಿದೀನಿ! ನನ್ನ ತಲೆ ಪಕ್ಕದಲ್ಲಿ ಬಿಸಿ ಗಾಜು ಬೀಸ್ತಿದ್ದಿದ್ದು ಕುರುಡನಾ? ನನಗೂ ಮಕ್ಕಳಿದಾವೆ!"

"ನಾಲ್ಕು ವರ್ಷ" ಎಂದ ಮೇಸ್ತ್ರಿ. "ನಾಲ್ಕು ವರ್ಷದಲ್ಲಿ ನಿನಗೆ ಒಂದು ಬೊಬ್ಬೆ ಎದ್ದಿದೆಯಾ? ಒಂದೇ ಒಂದು? ತೋರಿಸು."

ಕುಲುಮೆಯವನು ತನ್ನ ಕೈಗಳನ್ನು ನೋಡಿಕೊಂಡ. ತೋರಿಸಲು ಏನೂ ಇರಲಿಲ್ಲ. ಅದರಿಂದ ಅವನ ಸಿಟ್ಟು ಇನ್ನೂ ಹೆಚ್ಚಾಯಿತು. ಬೆಂಚಿಗೆ ಒರಗಿಸಿದ್ದ ಮೇಸ್ತ್ರಿಯ ಊದುಕೊಳವೆಯನ್ನು, ನಲವತ್ತು ವರ್ಷದ ಹಲ್ಲಿನ ಗುರುತಿದ್ದ ಕೊಳವೆಯನ್ನು, ಎತ್ತಿಕೊಂಡು ಹೋಗಿ ದೂರದ ಗೋಡೆಯ ಗೂಟಕ್ಕೆ ಸಿಕ್ಕಿಸಿದ. ಮೇಸ್ತ್ರಿ ಪಕ್ಕಕ್ಕೆ ಕೈ ಚಾಚಿ ತಡವಿದ. ಅಲ್ಲಿ ಗಾಳಿ ಮಾತ್ರ ಸಿಕ್ಕಿತು.

"ವೈದ್ಯರಿಗೆ ತೋರಿಸಿದ್ರಾ?" ಉಜ್ಜುವವಳು ಕೇಳಿದಳು. ಅಷ್ಟು ಹೊತ್ತಿನಲ್ಲಿ ಕೇಳಿದ ಒಂದೇ ಮೆತ್ತನೆಯ ಮಾತು ಅದು.

"ಒಂದು ಕಣ್ಣು ಕೊಯ್ದ್ರು, ಕೆಟ್ಟಿತು. ಇನ್ನೊಂದರ ಹಿಂದಿನ ಪರದೆನೇ ಸುಟ್ಟಿದೆಯಂತೆ. ಕುಲುಮೆ ನೋಡಿ ನೋಡಿ." ಅವನು ಬಿಳಿ ಪಟ್ಟಿಯನ್ನು ಇನ್ನೂ ಬೆರಳಲ್ಲಿ ಸುತ್ತುತ್ತಿದ್ದ. "ಪೂರ್ತಿ ಕತ್ತಲೆ ಅಲ್ಲ. ಗಾಜು ಬಿಸಿ ಇದ್ದಾಗ ಒಂದು ಬೆಳಕು ಕಾಣತ್ತೆ. ಅದರ ಆಕಾರ ಕಾಣತ್ತೆ. ತಣ್ಣಗಾದ್ರೆ ಮಾಯ. ನಾಲ್ಕು ವರ್ಷ ನಾನು ಮಾಡಿದ್ದನ್ನ ನಾನೇ ನೋಡಿಲ್ಲ."

"ಕೊಲೆಗಾರ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಕುರುಡ ಅನ್ನಿಸ್ಕೋಬಾರದು. ಅಲ್ವಾ?" ಎಂದಳು ತನಿಖಾಧಿಕಾರಿ.

"ಕೊಲೆಗಾರ ಮೇಸ್ತ್ರಿಯಾಗೇ ಸಾಯ್ತಾನೆ ಅಮ್ಮ. ಕುರುಡ ಕೂತು ತಿನ್ನೋನಾಗಿ ಸಾಯ್ತಾನೆ."

ಪೇದೆಯ ಪೆನ್ಸಿಲ್ ನಿಂತಿತ್ತು. ತನಿಖಾಧಿಕಾರಿ ಮುಂದುವರಿದಳು. ಇಲ್ಲಿ ನಿಲ್ಲಿಸಿದರೆ ಇಷ್ಟು ಸುಟ್ಟದ್ದೂ ವ್ಯರ್ಥ.

"ಹಾಗಾದ್ರೆ ಕೇಳಿ. ಬಿಳಿ ಪಟ್ಟಿ ಇರೋ ಜಾಗದಲ್ಲಿ ಯಾರೋ ಕೆಂಪು ಪಟ್ಟಿ ಕಡ್ಡಿ ಇಟ್ಟಿದ್ದಾರೆ. ಕಣ್ಣಿರೋ ಮೇಸ್ತ್ರಿ ಆಗಿದ್ರೆ ತಕ್ಷಣ ಎತ್ತಿ ಬಿಸಾಡ್ತಿದ್ದ. ಅಂದ್ರೆ ಇಟ್ಟವರಿಗೆ ಇವರ ಕಣ್ಣಿನ ವಿಷಯ ಗೊತ್ತಿತ್ತು. ಪಕ್ಕದಲ್ಲಿ ನಿಂತು ಇವರ ಬದಲು ನೋಡೋರನ್ನ ಆ ಹೊತ್ತಿಗೆ ಆಚೆ ಕಳಿಸಬೇಕು ಅಂತಲೂ ಗೊತ್ತಿತ್ತು. ಮೇಸ್ತ್ರಿ, ನಿಮ್ಮ ಕಣ್ಣಿನ ವಿಷಯ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತು" ಎಂದಳು ಎಣಿಕೆ.

"ಬಾಯಿ ಮುಚ್ಚೇ!" ಮೇಸ್ತ್ರಿ ಬೆಂಚಿನಿಂದ ಎದ್ದೇಬಿಟ್ಟ. "ಅವಳಿಗೇನೂ ಗೊತ್ತಿಲ್ಲ. ಅವಳು ಪೆದ್ದಿ. ಎಣಿಸೋದೊಂದು ಬಿಟ್ರೆ ಏನೂ ಬರಲ್ಲ ಅವಳಿಗೆ. ಬರ್ಕೊಳ್ಳಿ, ನಾನೇ ಹಾಕಿದ್ದು!"

"ಹುರಿ ಅಂಟಿಸಿದ್ದು ನಾನು" ಎಣಿಕೆ ಅವನ ಕಡೆ ನೋಡದೆ ಹೇಳಿದಳು. "ಜೋರಾಗಿ ಎಣಿಸೋದು ಯಾಕೆ ಅಂದ್ರೆ ಮಾವನಿಗೆ ದೂರ ತಿಳೀಲಿ ಅಂತ. ಎಲ್ಲ ನಾನೇ. ಆದರೆ ಕಡ್ಡಿ..."

ಅವಳ ಮಾತು ಅಲ್ಲಿಗೆ ತುಂಡಾಯಿತು. ಏನೋ ಹೊಳೆದವಳಂತೆ ನಿಧಾನವಾಗಿ ತಿರುಗಿದಳು.

"ಮಾವ."

ಅವನು ಕುಲುಮೆಯ ಕಡೆ ಮುಖ ಮಾಡಿದ.

"ಮಾವ, ನೀನು ಒಪ್ಕೊಂಡಿದ್ದು ಬರೀ ಕಣ್ಣಿಗೋಸ್ಕರ ಅಲ್ಲ, ಅಲ್ವಾ? ನಾನು ಮಾಡಿದೆ ಅಂದ್ಕೊಂಡ್ಯಾ?"

ಮೇಸ್ತ್ರಿ ಬೆಂಚಿನ ಕಬ್ಬಿಣವನ್ನು ತಡವಿ ಹಿಡಿದುಕೊಂಡ.

"ನಾಲ್ಕು ವರ್ಷ ನಿನ್ನ ಕಣ್ಣಾಗಿದ್ದೆ. ಮದುವೆ ಬೇಡ ಅಂದೆ, ಬೇರೆ ಕಾರ್ಖಾನೆಯವರು ಕರೆದ್ರು ಹೋಗಲಿಲ್ಲ. ಹೇಳು ಮಾವ. ನಾನು ಮಾಡಿದೆ ಅಂದ್ಕೊಂಡ್ಯಾ?"

ಅವನು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಎಣಿಕೆ ಒಂದಷ್ಟು ಹೊತ್ತು ಕಾದಳು. ಕಾಯುವಾಗ ಅವಳ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು. ಆಮೇಲೆ ಎಣಿಸುವುದನ್ನೂ ನಿಲ್ಲಿಸಿದಳು.

ಪೇದೆ ತನಿಖಾಧಿಕಾರಿಯ ಕಿವಿಯ ಹತ್ತಿರ ಬಂದ. "ಅಮ್ಮಾ, ಗೊತ್ತಿದ್ದೋಳು ಇವಳೊಬ್ಬಳೇ. ಗಂಟೆ ಕೇಳಿಸ್ತು ಅನ್ನೋದಕ್ಕೂ..."

"ಗಂಟೆ ನನಗೂ ಕೇಳಿಸ್ತು" ಎಂದ ಕುಲುಮೆಯವನು ಒರಟಾಗಿ.

"ಕೋಣೇಲಿ ಯಾರೂ ಇರಲಿಲ್ಲ ಅಂತ ಇವಳೇ ಹೇಳ್ತಾಳೆ. ಇವಳ ಮಾತಿಗೆ ಸಾಕ್ಷಿ ಯಾರು?" ಪೇದೆ ಸೊಂಟದಿಂದ ಕೋಳ ತೆಗೆದ. ಮಾವನ ಕೈಯಿಂದ ಬಿಚ್ಚಿದ ಅದೇ ಕೋಳ. ಇನ್ನೂ ಬೆಚ್ಚಗಿತ್ತು.

ಎಣಿಕೆ ತಾನಾಗಿ ಎರಡೂ ಕೈ ಮುಂದೆ ಮಾಡಿದಳು. ಅಂಗೈಯಲ್ಲಿ ಪತ್ರಿಕೆಯ ಮಸಿ ಹತ್ತಿತ್ತು. ಯಾವುದೋ ಸುದ್ದಿಯ ಅರ್ಧ ಸಾಲು, ತಿರುಗುಮುರುಗಾಗಿ. ಉಜ್ಜುವವಳು ಮುಂದೆ ಬಂದು, ತನ್ನ ಒದ್ದೆ ಸೆರಗಿನಿಂದ ಆ ಮಸಿ ಒರೆಸಿದಳು.

ಕೋಳ ಬಿದ್ದ ಸದ್ದು ಮೇಸ್ತ್ರಿಗೆ ಕೇಳಿಸಿತು. ಅವನು ಕೂತುಕೊಂಡ.

ತನಿಖಾಧಿಕಾರಿಗೆ ಗೆದ್ದ ಖುಷಿಯಿರಲಿಲ್ಲ. ಒಬ್ಬನ ಕೊರಳಿಂದ ಹಗ್ಗ ತೆಗೆದು ಇನ್ನೊಬ್ಬಳ ಕೊರಳಿಗೆ ಹಾಕಿದ್ದಳು, ಅಷ್ಟೇ. ಲೆಕ್ಕ ಸರಿಯಿತ್ತು. ಗೊತ್ತಿದ್ದವರು ಯಾರೋ ಅವರೇ ಮಾಡಿದ್ದು. ಗೊತ್ತಿದ್ದವಳು ಒಬ್ಬಳೇ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ನಕ್ಷೆಯಮ್ಮ ಇಳಿದು ಬರುತ್ತಿದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಊಟದ ಡಬ್ಬಿ. ಯಾರ ಮುಖವನ್ನೂ ನೋಡಲಿಲ್ಲ. "ಠಾಣೇಲಿ ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ. ಪೇದೆಯವರು ಹೇಳ್ತಿದ್ರು" ಎಂದು ಯಾರಿಗೂ ಅಲ್ಲದಂತೆ ಹೇಳಿದಳು. "ಯಾರೇನೇ ಮಾಡಿರ್ಲಿ. ಹೊಟ್ಟೆಗೆ ತಿನ್ನಬೇಕಲ್ವಾ."

"ನೋಡಿ ಅಮ್ಮ" ಪೇದೆ ಪಿಸುಗುಟ್ಟಿದ. "ಗಂಡನ್ನ ಕಳ್ಕೊಂಡೋಳು, ಆದರೂ..."

ತನಿಖಾಧಿಕಾರಿ ಕೈಯೆತ್ತಿ ಅವನ ಬಾಯಿ ನಿಲ್ಲಿಸಿದಳು. ಅವಳ ಕಣ್ಣು ಆ ಹೆಂಗಸಿನ ಪಾದಗಳ ಮೇಲಿತ್ತು.

ಕೆಳಗೆ ಹೋಗೋಳಲ್ಲ ಎಂದವಳು ಮೂರನೆಯ ಮೆಟ್ಟಿಲಿನ ಮುರಿದ ಅಂಚನ್ನು ನೋಡದೆಯೇ ದಾಟಿದಳು. ಬಿಸಿ ಕೊಳವೆಗಳ ಸ್ಟ್ಯಾಂಡನ್ನು ಮೇಸ್ತ್ರಿ ಬಳಸಿದ ಕಡೆಯಿಂದಲೇ ಬಳಸಿದಳು. ಬಕೆಟ್ಟಿನ ಹತ್ತಿರ ಸೆರಗನ್ನು ತಾನಾಗಿ ಎತ್ತಿಕೊಂಡಳು. ಬೆಂಚಿನ ಎಡಕ್ಕೆ ಬಂದು ನಿಂತಳು.

ಡಬ್ಬಿಯನ್ನು ಚಾಚಲಿಲ್ಲ. ಮುಂದೆ ಹಿಡಿಯಲಿಲ್ಲ. ಪಟ್ಟಿ ಕಟ್ಟಿದ ಬೆರಳುಗಳಿಂದ ಅದರ ತಳವನ್ನು ಆನಿಸಿಕೊಂಡು, ಅಂಚನ್ನು ಮೇಸ್ತ್ರಿಯ ಎಡ ಮಣಿಕಟ್ಟಿನ ಹಿಂಭಾಗಕ್ಕೆ ಮೆಲ್ಲಗೆ ತಾಗಿಸಿದಳು. ತಾಗಿಸಿ ಕಾದಳು.

ಎಣಿಕೆ ತಲೆಯೆತ್ತಿ ನೋಡಿದಳು.

ಮೇಸ್ತ್ರಿ ಬೆಚ್ಚಲಿಲ್ಲ. ಯಾರು ಎಂದೂ ಕೇಳಲಿಲ್ಲ. ಅಂಗೈ ಮೇಲೆ ಮಾಡಿದ. ನಕ್ಷೆಯಮ್ಮ, ಮುಚ್ಚಳದ ಹಿಡಿ ಅವನ ಹೆಬ್ಬೆರಳ ಕಡೆ ಬರುವ ಹಾಗೆ ಡಬ್ಬಿಯನ್ನು ತಿರುಗಿಸಿ, ಅದರಲ್ಲಿ ಇಟ್ಟಳು.